ಮೇಲಿನ ಬಾಗಿಲು, ಕೆಳಗಿನ ಬಾಗಿಲು

ಕೊಲಂಬಿಯಾ ವಿಶ್ವವಿದ್ಯಾಲಯ ಅಂದರೆ ನಮಗೆ ಬಾಬಾಸಾಹೇಬರು. 1913ರಿಂದ 1916ರವರೆಗೆ ಅವರು ಅಲ್ಲಿ ಓದಿದರು. 1952ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಹಾಸ್ಟೆಲಿನ ಗೋಡೆಯ ಮೇಲಿನ ಅವರ ಪಟ ನೋಡುತ್ತಾ ಓದಿದ ನನ್ನಂಥವರಿಗೆ ಕೊಲಂಬಿಯಾ ಎಂಬ ಹೆಸರೇ ಬಿಡುಗಡೆಯ ಹೆಸರು. ಹಾಗಾಗಿ ಆ ವಿಶ್ವವಿದ್ಯಾಲಯ ತನ್ನ ಪಕ್ಕದ ಕೇರಿಯ ಜೊತೆ ಹೇಗೆ ನಡೆದುಕೊಂಡಿತು ಎಂದು ತಿಳಿದಾಗ ಕಸಿವಿಸಿಯಾಯಿತು. ಆದರೆ ಬಾಬಾಸಾಹೇಬರನ್ನು ಓದಿದವರು ಈ ಪ್ರಶ್ನೆಯನ್ನು ಕೇಳದೆ ಇರುವಂತಿಲ್ಲ.

ನ್ಯೂಯಾರ್ಕ್ ನಗರದಲ್ಲಿ ಕೊಲಂಬಿಯಾ ಇರುವುದು ದಿಬ್ಬದ ಮೇಲೆ. ಕಪ್ಪು ಜನರ ಹಾರ್ಲೆಮ್ ಇರುವುದು ಕೆಳಗೆ. ನಡುವೆ ಕಡಿದಾದ ಇಳಿಜಾರಿನಲ್ಲಿ ಮಾರ್ನಿಂಗ್‌ಸೈಡ್ ಉದ್ಯಾನ. ಊರು ಮೇಲೆ, ಕೇರಿ ಕೆಳಗೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ವಿಶ್ವವಿದ್ಯಾಲಯವೂ ಅಕ್ಕಪಕ್ಕದ ಸಂಸ್ಥೆಗಳೂ ‘ನವೀಕರಣ’ದ ಹೆಸರಿನಲ್ಲಿ ಸುತ್ತಲಿನ ಮನೆಗಳನ್ನು ಕೊಂಡುಕೊಳ್ಳತೊಡಗಿದವು. ಬಾಡಿಗೆಗಿದ್ದ ಬಡವರು ಎತ್ತಂಗಡಿಯಾದರು. ಅವರಲ್ಲಿ ಬಹುಪಾಲು ಕಪ್ಪು ಜನ ಮತ್ತು ಪ್ಯೂರ್ಟೊರಿಕೊ ಮೂಲದವರು.

ಇದರ ಜೊತೆಗೆ ಬಂದದ್ದು ವ್ಯಾಯಾಮಶಾಲೆ. 1961ರಲ್ಲಿ ನಗರಾಡಳಿತ ಸಾರ್ವಜನಿಕ ಉದ್ಯಾನದ ಸುಮಾರು 2 ಎಕರೆಯನ್ನು ವರ್ಷಕ್ಕೆ 3,000 ಡಾಲರಿನಂತೆ ವಿಶ್ವವಿದ್ಯಾಲಯಕ್ಕೆ ಗುತ್ತಿಗೆ ಕೊಟ್ಟಿತು. ವಿದ್ಯಾರ್ಥಿಗಳಿಗೆ ದಿಬ್ಬದ ಕಡೆಯಿಂದ ಮೇಲಿನ ಬಾಗಿಲು. ಹಾರ್ಲೆಮ್ ಜನರಿಗೆ ಕೆಳಗಿನ ಬಾಗಿಲು, ತಳದಲ್ಲೊಂದು ಸಣ್ಣ ಪಾಲು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟದ್ದನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಕೆ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಬೇರೆ ಇಟ್ಟ ಕಾಯಿದೆಗಳನ್ನು ‘ಜಿಮ್ ಕ್ರೋ’ ಎನ್ನುತ್ತಿದ್ದರು. ವ್ಯಾಯಾಮಶಾಲೆಯೂ ಜಿಮ್ ಅಲ್ಲವೆ! ಜನ ಅದಕ್ಕೂ ಅದೇ ಹೆಸರಿಟ್ಟರು.

1968ರ ಫೆಬ್ರವರಿಯಲ್ಲಿ ನೆಲ ಅಗೆಯಲು ಶುರುಮಾಡಿದರು. ಹಾರ್ಲೆಮ್ ಜನರ ವಿರೋಧ ಅದಕ್ಕೂ ಮೊದಲೇ ಎದ್ದಿತ್ತು ಎಂಬುದನ್ನು ಗಮನಿಸಬೇಕು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಏಪ್ರಿಲ್ 23ರಂದು ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಹಿಡಿದು ಕುಳಿತರು. ವ್ಯಾಯಾಮಶಾಲೆ ನಿಲ್ಲಬೇಕು, ಯುದ್ಧ ಸಂಶೋಧನೆಯ ನಂಟು ಕಡಿಯಬೇಕು ಎಂಬುದು ಬೇಡಿಕೆ. ಆ ರಾತ್ರಿ ಕಳೆಯುವ ಮುನ್ನ ಕಪ್ಪು ವಿದ್ಯಾರ್ಥಿಗಳು ಬಿಳಿಯ ಗೆಳೆಯರಿಗೆ, ನೀವು ಬೇರೆ ಕಟ್ಟಡ ನೋಡಿಕೊಳ್ಳಿ ಅಂದರು. ಅವರು ಹೋಗಿ ಬೇರೆ ಕಟ್ಟಡಗಳನ್ನು ಹಿಡಿದರು.

ಚರಿತ್ರೆಯ ಕಥನಗಳು ಇದನ್ನು ‘ಒಡಕು’ ಎನ್ನುತ್ತವೆ. ನನಗೆ ಹಾಗನ್ನಿಸುವುದಿಲ್ಲ. ತಮ್ಮ ಜಗಳವನ್ನು ತಾವೇ ಮಾತನಾಡುತ್ತೇವೆ ಎಂಬ ತೀರ್ಮಾನ ಅದು. ಪ್ರಗತಿಪರ ಗೆಳೆಯರು ನಮ್ಮ ಪರವಾಗಿ ಮಾತಾಡುತ್ತಾ ಮಾತಾಡುತ್ತಾ ನಮ್ಮ ಮಾತನ್ನೇ ನುಂಗಿಬಿಡುವುದನ್ನು ನಾವೂ ಕಂಡಿದ್ದೇವೆ. ಹ್ಯಾಮಿಲ್ಟನ್ ಹಾಲ್‌ನಲ್ಲಿದ್ದವರು ಶಿಸ್ತಿನಿಂದ ಕುಳಿತರು. ಹಾರ್ಲೆಮ್ ಜನ ಅವರಿಗೆ ಊಟ ತಂದುಕೊಟ್ಟರು. ಇವರನ್ನು ಮುಟ್ಟಿದರೆ ಹಾರ್ಲೆಮ್ ಎದ್ದು ಬರುತ್ತದೆ ಎಂಬ ಭಯ ಆಡಳಿತಕ್ಕಿತ್ತು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ನುಗ್ಗಿ ಸುಮಾರು 700 ಜನರನ್ನು ಬಂಧಿಸಿದರು. ಬೇರೆ ಕಟ್ಟಡಗಳಲ್ಲಿ ಲಾಠಿ ಬೀಸಿತು. ಹ್ಯಾಮಿಲ್ಟನ್‌ನವರು ಏಟು ತಿನ್ನದೆ ಸಾಲಾಗಿ ಹೊರಬಂದರು. ಆ ಮಕ್ಕಳ ದನಿಗೆ ತೂಕ ಬಂದದ್ದು ಬರಿಯ ವಿದ್ಯಾರ್ಥಿಗಳು ಎಂಬುದರಿಂದಲ್ಲ, ಬೆನ್ನ ಹಿಂದೆ ಕೇರಿ ನಿಂತಿತ್ತು ಎಂಬುದರಿಂದ. ಆದರೂ 1968ರ ಕೊಲಂಬಿಯಾ ಅಂದರೆ ಬಹುಕಾಲ ಬಿಳಿಯ ನಾಯಕರ ಫೋಟೋಗಳೇ.

ವ್ಯಾಯಾಮಶಾಲೆ ಅಲ್ಲಿ ಏಳಲಿಲ್ಲ. ಅಗೆದ ಗುಂಡಿ ಸುಮಾರು 20 ವರ್ಷ ಹಾಗೇ ಬಿದ್ದಿದ್ದು, ಆಮೇಲೆ ಕೊಳವಾಯಿತು. 1969ರಲ್ಲಿ ವಿಶ್ವವಿದ್ಯಾಲಯ ಸೆನೆಟ್ ರಚಿಸಿ ವಿದ್ಯಾರ್ಥಿಗಳಿಗೂ ಸ್ಥಾನ ಕೊಟ್ಟಿತು. ಹಾರ್ಲೆಮ್‌ಗೆ? ಒಂದು ಕುರ್ಚಿಯೂ ಇಲ್ಲ. ಗೆಲುವಿನೊಳಗೇ ಇದ್ದ ಸೋಲು ಇದು. ದನಿಯನ್ನು ಒಳಗೆ ಕರೆದರು, ಅದಕ್ಕೆ ಬಲ ಕೊಟ್ಟವರನ್ನು ಹೊರಗೇ ನಿಲ್ಲಿಸಿದರು.

ಇದರ ಬೆಲೆ ತಿಳಿದದ್ದು ಮುಂದೆ. ಕೊಲಂಬಿಯಾ ಮ್ಯಾನ್‌ಹ್ಯಾಟನ್‌ವಿಲ್‌ನಲ್ಲಿ ಸುಮಾರು 17 ಎಕರೆಯ ವಿಸ್ತರಣೆಗೆ ಕೈಹಾಕಿತು. 2007ರ ನವೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳು ಉಪವಾಸ ಕೂತರು. ಅವರ ಬೇಡಿಕೆಗಳಲ್ಲಿ ಇದೂ ಒಂದು. ಸ್ಥಳೀಯ ಸಮುದಾಯ ಮಂಡಳಿಯೂ ಯೋಜನೆಯನ್ನು ವಿರೋಧಿಸಿತ್ತು. ಆದರೆ ಅದರ ಮಾತು ಬರಿಯ ಸಲಹೆ. ಡಿಸೆಂಬರಿನಲ್ಲಿ ನಗರಸಭೆ ಒಪ್ಪಿಗೆ ಕೊಟ್ಟಿತು. ಒಪ್ಪದವರ ಆಸ್ತಿಯನ್ನು ಬಲವಂತವಾಗಿ ವಶಪಡಿಸಿಕೊಳ್ಳುವುದನ್ನು 2010ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಎತ್ತಿಹಿಡಿಯಿತು.

ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಕುಲಪತಿಗಳ ಪಟ್ಟಿ ಇರುತ್ತದೆ, ಕಟ್ಟಡಗಳ ಶಂಕುಸ್ಥಾಪನೆ ಇರುತ್ತದೆ, ಕಾಂಪೌಂಡಿನಾಚೆಯ ಕೇರಿ ಇರುವುದಿಲ್ಲ. ಕೇರಿಯಿಂದ ಬಂದು ಒಳಗೆ ಕೂತ ನಮ್ಮನ್ನು ಸಮಿತಿಗಳಿಗೆ ಕರೆಯುತ್ತಾರೆ, ಅಭಿಪ್ರಾಯ ಕೇಳುತ್ತಾರೆ. ಸಂತೋಷ, ಹೋಗೋಣ. ಆದರೆ ನಮಗೆ ಮೇಲಿನ ಬಾಗಿಲು ತೆರೆದ ದಿನ ಕೆಳಗಿನ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ಇಣುಕಿ ನೋಡದೆ ಹೋದರೆ, ಅಲ್ಲಿ ಕುಳಿತು ಆಡುವ ಮಾತಿಗೆ ಬಲ ಎಲ್ಲಿಂದ ಬರಬೇಕು?