ಇಟ್ಟಿಗೆ, ಐದಂಗುಲದ ಗೆರೆ ಮತ್ತು ಬರದ ಮಂತ್ರಿ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅಂತರ್ಜಲವೂ ಜಲಾಶಯಗಳೂ ಮುಖ್ಯವಾಗಿ ಚಳಿಗಾಲದ ಮಳೆಯಿಂದ ತುಂಬಿಕೊಳ್ಳುತ್ತವೆ. 1975 ಮತ್ತು 1976ರ ಎರಡು ಒಣ ಬೇಸಿಗೆಗಳ ನಡುವಿನ ಚಳಿಗಾಲವೂ ಕೈಕೊಟ್ಟಾಗ, ಅಲ್ಲಿನ ಮಳೆಯ ದಾಖಲೆಗಳಲ್ಲಿ ಹೋಲಿಕೆ ವಿರಳವಾದ ಬರ ತಲೆದೋರಿತು. 1976ರ ಜೂನ್ 23ರಿಂದ ಜುಲೈ 7ರವರೆಗೆ ಸತತ 15 ದಿನ ದೇಶದ ಒಂದಲ್ಲ ಒಂದು ಕಡೆ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆಗಸ್ಟ್ ಆರಂಭದಲ್ಲಿ ಸಂಸತ್ತು ಬರ ಕಾಯಿದೆಯನ್ನು ಅಂಗೀಕರಿಸಿ, ಅನಗತ್ಯ ಬಳಕೆಯನ್ನು ನಿಷೇಧಿಸುವ ಮತ್ತು ಮನೆಗಳ ಸರಬರಾಜು ನಿಲ್ಲಿಸಿ ಬೀದಿ ನಲ್ಲಿಗಳಿಂದ ನೀರು ಕೊಡುವ ಅಧಿಕಾರವನ್ನು ವಿಸ್ತರಿಸಿತು. ಅದೇ ತಿಂಗಳ ಕೊನೆಯ ಭಾಗದಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್, ಕ್ರೀಡಾ ಖಾತೆಯ ಡೆನಿಸ್ ಹೊವೆಲ್ ಅವರಿಗೆ ಬರ ನಿರ್ವಹಣೆಯ ಹೊಣೆಯನ್ನೂ ವಹಿಸಿದರು.

ಆಡಳಿತದ ಪ್ರಚಾರ ಹೆಚ್ಚಾಗಿ ತಿರುಗಿದ್ದು ಸ್ನಾನದ ಮನೆಯ ಕಡೆಗೆ. ಸ್ನಾನದ ತೊಟ್ಟಿಯಲ್ಲಿ ಐದು ಅಂಗುಲಕ್ಕಿಂತ ಹೆಚ್ಚು ನೀರು ತುಂಬಬಾರದೆಂಬ ಸಲಹೆ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರನೆಯ ಜಾರ್ಜ್ ದೊರೆ ಅರಮನೆಯ ತೊಟ್ಟಿಗಳಲ್ಲಿಯೇ ಅಂಥ ಗೆರೆ ಎಳೆಸಿದ್ದನು. ಆದರೆ ಅಂದು ಉಳಿಸಬೇಕಾಗಿದ್ದದ್ದು ನೀರನ್ನಲ್ಲ, ನೀರು ಕಾಯಿಸುವ ಇಂಧನವನ್ನು. ಒಂದು ಕೊರತೆಗಾಗಿ ಹುಟ್ಟಿದ ಅಳತೆಯನ್ನು ಮತ್ತೊಂದು ಕೊರತೆಗೆ ಹೊಂದಿಸುವಾಗ, ಅದರ ಫಲವೆಷ್ಟೆಂಬುದಕ್ಕಿಂತ ಯುದ್ಧಕಾಲದ ಶಿಸ್ತಿನ ನೆನಪೇ ಹೆಚ್ಚು ಕೆಲಸ ಮಾಡಿತೆನ್ನಬೇಕು.

ಶೌಚಾಲಯದ ನೀರಿನ ಪೆಟ್ಟಿಗೆಯೊಳಗೆ ಇಟ್ಟಿಗೆ ಇಡಬೇಕೆಂಬ ಸಲಹೆಯ ತರ್ಕ ಸರಳ: ಇಟ್ಟಿಗೆ ಆಕ್ರಮಿಸಿದಷ್ಟು ಜಾಗದಲ್ಲಿ, ಅಂದರೆ ಸುಮಾರು ಒಂದು ಲೀಟರಿನಷ್ಟು, ನೀರು ತುಂಬುವುದಿಲ್ಲ. ಆದರೆ ನೀರಿನಲ್ಲಿ ನೆನೆದ ಇಟ್ಟಿಗೆ ಕ್ರಮೇಣ ಉದುರುತ್ತದೆ, ಅದರ ಪುಡಿ ಪೆಟ್ಟಿಗೆಯ ಯಾಂತ್ರಿಕ ಭಾಗಗಳಲ್ಲಿ ಸಿಕ್ಕಿಕೊಂಡು ಅವುಗಳನ್ನು ಕೆಡಿಸಬಲ್ಲದು. ಅಲ್ಲದೆ, ಕಡಿಮೆ ನೀರಿನಿಂದ ಶೌಚಪಾತ್ರೆ ಸ್ವಚ್ಛವಾಗದೆ ಎರಡನೆಯ ಬಾರಿ ನೀರು ಬಿಡಬೇಕಾಗಿ ಬಂದರೆ, ಉಳಿತಾಯವೆಲ್ಲ ಮುಗಿದು ನಷ್ಟವೇ ಉಳಿಯುತ್ತದೆ.

ಗೆಳೆಯರೊಡನೆ ಸೇರಿ ಸ್ನಾನ ಮಾಡಿ ನೀರುಳಿಸಿರೆಂಬ ಘೋಷಣೆ ಅಂಗಿಗಳ ಮೇಲೂ ಬಿಲ್ಲೆಗಳ ಮೇಲೂ ಕಾಣಿಸಿಕೊಂಡು, ಸರ್ಕಾರದ ಸಲಹೆಗೂ ಜನರ ಹಾಸ್ಯಕ್ಕೂ ನಡುವಿನ ಗಡಿಯನ್ನು ಅಳಿಸಿಹಾಕಿತು. ತಾವೂ ಪತ್ನಿಯೂ ಒಂದೇ ತೊಟ್ಟಿಯ ನೀರು ಬಳಸುತ್ತಿರುವುದಾಗಿ ಹೊವೆಲ್ ಪತ್ರಕರ್ತರಿಗೆ ತಿಳಿಸಿದ್ದರಿಂದ ಅದಕ್ಕೆ ಅಧಿಕೃತ ಮುದ್ರೆಯೂ ಬಿದ್ದಂತಾಯಿತು. ಇದರಿಂದ ನೀರು ಉಳಿಯುವುದು ಇಬ್ಬರೂ ಬೇರೆ ಬೇರೆಯಾಗಿ ತೊಟ್ಟಿ ತುಂಬಿಸಿಕೊಳ್ಳುತ್ತಿದ್ದಲ್ಲಿ ಮಾತ್ರ. ಒಂದೇ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು ಮೀಯುವುದು ಬಡ ಕುಟುಂಬಗಳಿಗೆ ಹಳೆಯ ರೂಢಿಯೇ ಆಗಿದ್ದರಿಂದ, ಈ ಉಪದೇಶ ಅವರಿಗೆ ಕಲಿಸುವುದೇನೂ ಇರಲಿಲ್ಲ.

ಇಂಥ ಸಲಹೆಗಳ ಮೂಲ ದೌರ್ಬಲ್ಯವಿದ್ದದ್ದು ನೀರಿನ ದರದ ವ್ಯವಸ್ಥೆಯಲ್ಲಿ. ಅಂದಿನ ಬ್ರಿಟನ್ನಿನ ಮನೆಗಳಿಗೆ ಸಾಮಾನ್ಯವಾಗಿ ನೀರಿನ ಮೀಟರ್ ಇರಲಿಲ್ಲ. ಶುಲ್ಕವನ್ನು ಬಳಕೆಯ ಮೇಲಲ್ಲ, ತೆರಿಗೆಗಾಗಿ ಗೊತ್ತುಪಡಿಸಿದ ಮನೆಯ ಬಾಡಿಗೆ ಮೌಲ್ಯದ ಮೇಲೆ ವಿಧಿಸಲಾಗುತ್ತಿತ್ತು. ಹೀಗಾಗಿ ನೀರುಳಿಸಿದವನಿಗೆ ಲಾಭವಿರಲಿಲ್ಲ, ಪೋಲು ಮಾಡಿದವನಿಗೆ ಹೆಚ್ಚಿನ ಶುಲ್ಕವಿರಲಿಲ್ಲ, ಮನವಿಯೊಂದನ್ನು ಬಿಟ್ಟರೆ ಆಡಳಿತದ ಕೈಯಲ್ಲಿ ಮೃದುವಾದ ಬೇರೆ ಉಪಾಯವೂ ಇರಲಿಲ್ಲ. ನೆಲದಡಿಯ ಹಳೆಯ ಕೊಳವೆಗಳಿಂದ ಮನೆ ತಲುಪುವ ಮೊದಲೇ ಸೋರಿಹೋಗುತ್ತಿದ್ದ ನೀರಿಗೆ ಯಾವ ಮನವಿಯೂ ತಾಗುವಂತಿರಲಿಲ್ಲ. ಪರಿಸ್ಥಿತಿ ಬಿಗಡಾಯಿಸಿದ ದಕ್ಷಿಣ ವೇಲ್ಸ್‌ನಲ್ಲಿ ದಿನದ ಹಲವು ಗಂಟೆ ಸರಬರಾಜನ್ನೇ ನಿಲ್ಲಿಸಬೇಕಾಯಿತು. ಡೆವನ್‌ನ ಕೆಲವೆಡೆ ಜನ ಬೀದಿ ನಲ್ಲಿಗಳ ಮುಂದೆ ಸಾಲುಗಟ್ಟಿದರು.

ಹೊವೆಲ್ ನೇಮಕವಾಗಿ ಕೆಲವೇ ದಿನಗಳಲ್ಲಿ ಮಳೆ ಸುರಿಯಿತು, ಅದು ಮುಂದುವರಿದು ಪ್ರವಾಹಗಳಾದಾಗ ಅವರು ಪ್ರವಾಹದ ಮಂತ್ರಿಯೆಂದೂ ಕರೆಸಿಕೊಂಡರು. ಈ ಕಾಕತಾಳೀಯ ವಿನೋದದ ಕಥೆಯಾಗಿ ಉಳಿಯಿತಾದರೂ, ಅದರ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಮರೆಯಾಯಿತು. ನೀರಿನ ಒಟ್ಟು ಬಳಕೆ ತಗ್ಗಿದ್ದನ್ನು ಜಲ ಪ್ರಾಧಿಕಾರಗಳು ತಮ್ಮ ಸ್ಥಾವರಗಳಲ್ಲಿ ಅಳೆಯಬಹುದಾಗಿತ್ತು. ಆದರೆ ಅದರಲ್ಲಿ ಇಟ್ಟಿಗೆಯ ಪಾಲೆಷ್ಟು, ನಿಷೇಧದ ಪಾಲೆಷ್ಟು, ಮುಚ್ಚಿದ ನಲ್ಲಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಮನೆಮನೆಯ ಲೆಕ್ಕ ಬೇಕಿತ್ತು, ಅದು ಯಾರಲ್ಲೂ ಇರಲಿಲ್ಲ.