ಹಾಡಿನ ಹೆಸರು ಟೈಪ್ ಮಾಡಿದ್ದು ಯಾರು?

ಫೋನ್‌ನಲ್ಲಿ ಹಾಡು ಹಾಕಿದ ಕೂಡಲೇ ಹಾಡಿನ ಹೆಸರು, ಗಾಯಕರ ಹೆಸರು, ಆಲ್ಬಂ ಹೆಸರು ಎಲ್ಲಾ ಸ್ಕ್ರೀನ್ ಮೇಲೆ ಬರುತ್ತಲ್ವಾ? ಸಿಡಿ ಕಾಲದಲ್ಲಿ ಇದು ತಾನಾಗೇ ಬರ್ತಿರಲಿಲ್ಲ. ಈ ಹೆಸರುಗಳ ಹಿಂದೆ ಒಂದು ಜಗಳವೇ ಇದೆ. ಇವತ್ತು ಅದನ್ನೇ ಹೇಳ್ತೀನಿ.

ಆಡಿಯೊ ಸಿಡಿ ಮೊದಲು ಮಾರಾಟಕ್ಕೆ ಬಂದಿದ್ದು 1982ರಲ್ಲಿ, ಜಪಾನ್‌ನಲ್ಲಿ. ಅದರೊಳಗೆ ಸಂಗೀತ ಬರೀ ಅಂಕಿಗಳ ರೂಪದಲ್ಲಿತ್ತು, ಸೆಕೆಂಡಿಗೆ 44,100 ಸ್ಯಾಂಪಲ್. ಯಾವ ಹಾಡು ಎಲ್ಲಿ ಶುರುವಾಗುತ್ತೆ ಅನ್ನೋ ಪಟ್ಟಿಯೂ ಇತ್ತು. ಹಾಡಿನ ಹೆಸರು ಮಾತ್ರ ಇರಲಿಲ್ಲ! ಅದನ್ನ ಓದೋಕೆ ಕವರ್ ನೋಡಬೇಕಿತ್ತು.

1990ರ ದಶಕದಲ್ಲಿ ಜನ ಸಿಡಿಯನ್ನ ಕಂಪ್ಯೂಟರಿಗೆ ಹಾಕಿ, ಹಾಡುಗಳನ್ನ ಎಂಪಿ3 ಫೈಲ್ ಮಾಡಿಕೊಳ್ಳೋಕೆ ಶುರು ಮಾಡಿದರು. ಇದಕ್ಕೆ ರಿಪ್ಪಿಂಗ್ ಅಂತಾರೆ. ಆದ್ರೆ ಸಿಕ್ಕ ಫೈಲ್‌ಗಳ ಹೆಸರು ‘ಟ್ರ್ಯಾಕ್ 1’, ‘ಟ್ರ್ಯಾಕ್ 2’. ನೂರು ಸಿಡಿ ಇದ್ದವರ ಪಾಡು ಯೋಚನೆ ಮಾಡಿ.

ಅಮೆರಿಕದ ಪ್ರೋಗ್ರಾಮರ್ ಟಿ ಕಾನ್ ಒಂದು ಸಿಡಿ ಪ್ಲೇಯರ್ ಸಾಫ್ಟ್‌ವೇರ್ ಬರೆದಿದ್ದರು. ಅವರ ಉಪಾಯ ಸರಳ. ಒಂದು ಸಿಡಿಯ ಹಾಡುಗಳು ಎಷ್ಟೆಷ್ಟು ಉದ್ದ ಇವೆ ಅನ್ನೋದು ಹೆಚ್ಚುಕಮ್ಮಿ ಬೆರಳಚ್ಚು ಇದ್ದಂಗೆ. ಅದರಿಂದ ಒಂದು ಸಂಖ್ಯೆ ಲೆಕ್ಕ ಹಾಕಬಹುದು. ಯಾರೋ ಒಬ್ಬರು ಆ ಸಂಖ್ಯೆಯ ಎದುರು ಹೆಸರುಗಳನ್ನ ಟೈಪ್ ಮಾಡಿಟ್ಟರೆ, ಅದೇ ಸಿಡಿ ಹಾಕಿದ ಮಿಕ್ಕವರಿಗೆಲ್ಲ ಹೆಸರು ಸಿಗುತ್ತೆ. ಸ್ಟೀವ್ ಶರ್ಫ್ ಜೊತೆ ಸೇರಿ ಇದನ್ನ ಇಂಟರ್ನೆಟ್‌ಗೆ ತಂದರು. ಅದೇ ಸಿಡಿಡಿಬಿ. ಬೇರೆ ಬೇರೆ ದೇಶದ ಕೇಳುಗರು ಕವರ್ ನೋಡ್ಕೊಂಡು, ಒಂದು ಪೈಸೆ ತಗೊಳ್ಳದೆ ಟೈಪ್ ಮಾಡಿದರು.

1998ರಲ್ಲಿ ಸಿಡಿಡಿಬಿ ಒಂದು ಕಂಪನಿಗೆ ಮಾರಾಟವಾಯ್ತು. ಆಮೇಲೆ ಅದರ ಹೆಸರು ಗ್ರೇಸ್‌ನೋಟ್ ಅಂತ ಆಯ್ತು. ರಿಪ್ಪಿಂಗ್ ಸಾಫ್ಟ್‌ವೇರ್ ಬರೆಯೋರು ಈಗ ಲೈಸೆನ್ಸ್ ತಗೊಳ್ಳಬೇಕು, ಷರತ್ತು ಒಪ್ಪಬೇಕು. ಟೈಪ್ ಮಾಡಿದವರಿಗೆ ಸಿಟ್ಟು ಬಂತು: ನಾವು ಪುಕ್ಕಟೆ ಕೊಟ್ಟಿದ್ದು ನಿಮ್ಮ ಸ್ವತ್ತು ಹೇಗಾಯ್ತು? 2008ರಲ್ಲಿ ಸೋನಿ ಗ್ರೇಸ್‌ನೋಟ್ ಕೊಂಡಾಗ ಬೆಲೆ ಸುಮಾರು 26 ಕೋಟಿ ಡಾಲರ್.

ಸಿಟ್ಟಾದವರು ಸುಮ್ಮನೆ ಕೂರಲಿಲ್ಲ. ಕೆಲವರು ಫ್ರೀಡಿಬಿ ಕಟ್ಟಿದರು. ರಾಬರ್ಟ್ ಕೇ ಮ್ಯೂಸಿಕ್‌ಬ್ರೈನ್ಸ್ ಶುರು ಮಾಡಿದರು. ಅದನ್ನ ನಡೆಸೋದು ಲಾಭ ನೋಡದ ಸಂಸ್ಥೆ. ಅಲ್ಲಿನ ಮುಖ್ಯ ಮಾಹಿತಿಯನ್ನ ಯಾರು ಬೇಕಾದರೂ ಪೂರ್ತಿ ಡೌನ್‌ಲೋಡ್ ಮಾಡಿಕೊಳ್ಳಬಹುದು, ಬಳಸಬಹುದು. ಫ್ರೀಡಿಬಿ 2020ರಲ್ಲಿ ನಿಂತುಹೋಯ್ತು. ಮ್ಯೂಸಿಕ್‌ಬ್ರೈನ್ಸ್ ಆಮೇಲೂ ನಡೀತಾ ಬಂತು.

ಸಿಡಿ ಮೂಲೆಗೆ ಸೇರಿದ್ರೂ ಆ ಪ್ರಶ್ನೆ ಹಳೇದಾಗಿಲ್ಲ. ನಾವು ಇವತ್ತು ಮ್ಯಾಪ್‌ಗೆ ಅಂಗಡಿ ಸೇರಿಸ್ತೀವಿ, ಹೋಟೆಲ್‌ಗೆ ರಿವ್ಯೂ ಬರೀತೀವಿ. ಹಾಗೆ ಬರೆಯೋ ಮೊದಲು ನಾನು ಒಂದು ಮಾತು ಕೇಳಿಕೊಳ್ತೀನಿ: ನಾಳೆ ಈ ಕಂಪನಿ ಬಾಗಿಲು ಹಾಕಿದ್ರೆ, ಇದನ್ನ ನಾವು ವಾಪಸ್ ತಗೊಂಡು ಹೋಗೋಕೆ ಆಗುತ್ತಾ? ನೀವೂ ಕೇಳಿಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.