ಭೂತದ ಗೇಮ್‌ನಲ್ಲಿ ಎಡಗೋಡೆ ಹಿಡಿದು ನಡೆದರೆ ಗೆಲುವು ಖಚಿತವೇ?

ಮೇಲಿನಿಂದ ನೋಡಿದಂತೆ ಕಾಣುವ, ಚೌಕ ಚೌಕ ಚುಕ್ಕೆಗಳ ಚಿತ್ರವಿರುವ ಭೂತದ ಗೇಮ್‌ಗಳು ಮೊಬೈಲ್‌ನಲ್ಲಿ ಬೇಕಾದಷ್ಟಿವೆ. ಕತ್ತಲ ಗಲ್ಲಿಗಳ ಜಾಲ, ಬೆನ್ನಟ್ಟುವ ದೆವ್ವ, ಎಲ್ಲೋ ಒಂದು ಬಾಗಿಲು. ಇವಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ: ‘ಎಡಗೋಡೆ ಬಿಡಬೇಡ, ಹೊರಗೆ ಬಂದೇ ಬರ್ತೀಯ.’ ಇದು ಅರ್ಧ ಸತ್ಯ.

ಗೋಡೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಈ ಉಪಾಯ ತಪ್ಪುವುದಿಲ್ಲ. ನಡುವೆ ದ್ವೀಪದಂತೆ ಬೇರೆ ನಿಂತ ಗೋಡೆಯನ್ನು ಹಿಡಿದರೆ ಮಾತ್ರ ಕೆಟ್ಟಿರಿ. ಬನಹಟ್ಟಿಯ ಓಣಿಯಲ್ಲಿ ಮನೆಗಳ ಸಾಲೊಂದನ್ನು ಎಡಕ್ಕಿಟ್ಟುಕೊಂಡೇ ನಡೆಯಿರಿ, ನಾಲ್ಕು ತಿರುವು ಮುಗಿದಾಗ ಹೊರಟ ಜಾಗಕ್ಕೇ ಬಂದಿರುತ್ತೀರಿ. ಅದಕ್ಕೆ ಹಾಳೆಯ ಮೇಲೆ ನಕ್ಷೆ ಬರೆಯಿರಿ. ಹೋದ ದಾರಿಗೆ ಒಂದು ಗೆರೆ, ವಾಪಸ್ ಬಂದರೆ ಇನ್ನೊಂದು. ಎರಡು ಗೆರೆ ಬಿದ್ದ ದಾರಿಗೆ ಮತ್ತೆ ಕಾಲಿಡಬೇಡಿ. 19ನೇ ಶತಮಾನದಲ್ಲಿ ಫ್ರಾನ್ಸಿನ ಟ್ರೆಮೊ ಹೇಳಿದ ವಿಧಾನದ ತಿರುಳು ಇದೇ.

ತಮಾಷೆ ನೋಡಿ, ದಾರಿ ತಪ್ಪಿಸುವ ಅದೇ ಸುತ್ತು ದೆವ್ವ ಬಂದಾಗ ಜೀವ ಉಳಿಸುತ್ತದೆ. ಕೊನೆ ಮುಚ್ಚಿದ ಗಲ್ಲಿಗೆ ನುಗ್ಗಿದರೆ ಆಟ ಮುಗಿಯಿತು. ಸುತ್ತು ದಾರಿಯಲ್ಲಾದರೆ ಓಡುತ್ತಲೇ ಇರಬಹುದು.

‘ದೆವ್ವಕ್ಕೆ ನಮ್ಮ ಮನಸ್ಸು ಗೊತ್ತಾಗುತ್ತೆ’ ಎಂಬುದು ಪೂರ್ತಿ ಸುಳ್ಳು. ಅದು ನಿಯಮದಂತೆ ನಡೆಯುವ ಪ್ರೋಗ್ರಾಮ್. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿ ತಂದ ಪ್ಯಾಕ್‌ಮ್ಯಾನ್‌ನಲ್ಲಿ ಕೆಂಪು ಭೂತ ನೇರ ಬೆನ್ನಟ್ಟುತ್ತದೆ. ಗುಲಾಬಿ ಭೂತ ನಿಮಗಿಂತ ನಾಲ್ಕು ಮನೆ ಮುಂದಕ್ಕೆ ಗುರಿಯಿಡುತ್ತದೆ. ಕಿತ್ತಳೆ ಭೂತ ಹತ್ತಿರ ಬಂದರೆ ತಾನೇ ತನ್ನ ಮೂಲೆಗೆ ತಿರುಗುತ್ತದೆ! ಮಧ್ಯೆ ಮಧ್ಯೆ ಎಲ್ಲವೂ ಕೆಲವು ಸೆಕೆಂಡು ಬೆನ್ನಟ್ಟುವುದನ್ನು ಬಿಡುತ್ತವೆ. ಇದನ್ನು ಗಮನಿಸಿದವರೇ ಗೆದ್ದರು.

ಹಾಗಾಗಿ ಮೊದಲ ಎರಡು-ಮೂರು ಆಟ ಸೋಲಲೆಂದೇ ಆಡಿ. ನಿಮ್ಮ ಗೇಮ್‌ನ ದೆವ್ವ ನೋಡಿ ಹಿಡಿಯುತ್ತದೋ, ಸದ್ದು ಕೇಳಿಯೋ? ನೋಡಿ ಹಿಡಿಯುವುದಾದರೆ ಅದು ಮುಧೋಳ ನಾಯಿಯ ಜಾತಿ. ಆ ತಳಿ ಬೇಟೆಯಾಡುವುದು ಮುಖ್ಯವಾಗಿ ಕಣ್ಣಿನಿಂದ. ಬಯಲಲ್ಲಿ ಅದರ ಮುಂದೆ ಮೊಲ ಉಳಿಯುವುದು ಕಷ್ಟ, ಕಬ್ಬಿನ ಗದ್ದೆ ಹೊಕ್ಕರೆ ಬೇರೆ ಮಾತು. ನೀವೂ ಉದ್ದನೆಯ ನೇರ ದಾರಿ ಬಿಟ್ಟು ಬೇಗ ಬೇಗ ಎರಡು ತಿರುವು ತೆಗೆದುಕೊಳ್ಳಿ. ಸದ್ದಿಗೆ ಬರುವುದಾದರೆ ಓಡಬೇಡಿ, ನಡೆಯಿರಿ.

‘ಸಾವೇ ಇಲ್ಲದ ಮಾಡ್ ಎಪಿಕೆ’ ಎಂಬ ಲಿಂಕ್ ಬಂದರೆ ಒತ್ತಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ. ಪ್ಲೇ ಸ್ಟೋರ್ ಹೊರಗಿನ ಇಂಥ ಫೈಲ್‌ಗೆ ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಅದರ ಕೈಗೆ ಸಿಗುತ್ತದೆ. ಗೇಮ್ ಮಗನದು, ಖಾತೆ ಅಪ್ಪನದು. ಈಗಾಗಲೇ ಹಾಕಿಕೊಂಡು ಹಣ ಹೋಗಿದ್ದರೆ ಕೂಡಲೇ ನೆಟ್ ಬಂದ್ ಮಾಡಿ, ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಬೇರೆ ಫೋನಿನಿಂದ ಕರೆ ಮಾಡಿ.